ನಡು ಅಂಕಣದ ಮಣ್ಣು

ರಾಯದುರ್ಗ
೧೪ ಮಾರ್ಚ್ ೧೯೩೭

ಅಪ್ಪನಿಗೆ,

ತೀರ್ಥರೂಪ, ಸಾಷ್ಟಾಂಗ ಎಂದು ಮೂರು ಸಾಲು ತುಂಬಿಸುವುದನ್ನು ನಾನು ಬಿಟ್ಟಿದ್ದೇನೆಂದು ನಿನಗೆ ಗೊತ್ತು. ಬಾಗುವುದಾದರೆ ಎದುರಿಗೆ ಬಂದಾಗ ಬಾಗುತ್ತೇನೆ, ಕಾಗದದ ಮೇಲಲ್ಲ. ಇದನ್ನು ನಿನಗೆ ಓದಿ ಹೇಳುವಾಗ ತಂಗಿ ಕಾಟಮ್ಮ ನಗದಿರಲಿ.

ನಿನ್ನೆ ಮೋಟಾರಿನಿಂದ ಇಳಿದವನು ನೇರ ತಿಪ್ಪೇರುದ್ರಪ್ಪನವರ ಹೊಸ ಮನೆಗೇ ಹೋದೆ. ನೀನು ಮುರಿದ ಕಾಲಿನಲ್ಲಿ ಊರಿಗೆ ಹೊರಟ ಮೇಲೆ ಅದರ ಬೀಗ ಯಾರೂ ತೆಗೆದಿಲ್ಲ. ಮೊದಲು ಮೇಸ್ತ್ರಿ ಮನೆಯವರು ಹೊಕ್ಕು, ಒಲೆ ಹೂಡಿ ಇದ್ದು, ಓರೆಕೋರೆ ಎಲ್ಲ ನೋಡಿ, ‘ಇನ್ನು ಬರಬಹುದು’ ಎಂದ ಮೇಲೆಯೇ ಯಜಮಾನರು ಕಾಲಿಡಬೇಕು ಎನ್ನುವುದು ನಿನ್ನ ಪದ್ಧತಿ. ಆ ಪದ್ಧತಿಯ ಮೇಲೆ ನನಗೆ ಗೌರವವಿದೆ. ಎಂಟು ಅಂಕಣದ ಈ ಮನೆಯ ಮೇಲೆ ಇಲ್ಲ. ಇದಕ್ಕೆ ಕಲ್ಲು ಹೊತ್ತವರಲ್ಲಿ ಒಬ್ಬನಿಗಾದರೂ ಒಂದಂಕಣದ ಸೂರು ಇದೆಯೇ ಎಂದು ನಾನು ಕೇಳಿದರೆ ನೀನು ಎಲೆಯಡಿಕೆ ಹುಡುಕಲು ಶುರುಮಾಡುತ್ತೀಯೆ.

ಇರಲಿ. ನೀನು ಹೇಳಿದ್ದನ್ನೆಲ್ಲ ಮಾಡಿದೆ. ತೂಗುಗುಂಡು ಬಿಟ್ಟು ಗೋಡೆಗಳನ್ನು ನೋಡಿದೆ, ನೆಟ್ಟಗಿವೆ. ಬಾಗಿಲು ಮುಚ್ಚಿ, ಒಲೆಗೆ ಹಸಿಸೊಪ್ಪು ಹಾಕಿ, ಹೊರಗೆ ಬಂದು ಮನೆಯ ಸುತ್ತ ತಿರುಗಿದೆ. ಬೆಳಕಿಂಡಿ ಬಿಟ್ಟು ಬೇರೆಲ್ಲೂ ಹೊಗೆ ಬರಲಿಲ್ಲ, ಅಂದರೆ ಗೋಡೆಯಲ್ಲಿ ಬಿರುಕಿಲ್ಲ. ನೆಲದ ಚಪ್ಪಡಿಗಳನ್ನು ಕೋಲಿನಿಂದ ಕುಟ್ಟಿದೆ. ಅಡಿಗೆಮನೆಯಲ್ಲಿ ಒಂದು ಟೊಳ್ಳು ಸದ್ದು ಕೊಟ್ಟಿತು, ಎತ್ತಿ ಮರಳು ತುಂಬಿದೆ. ಏಣಿ ಹಾಕಿ ಒಂದೊಂದು ತೊಲೆಗೂ ಕಿವಿಯಿಟ್ಟು ಹುಳ ಕೊರೆಯುವ ಸದ್ದಿದೆಯೇ ಎಂದು ಕೇಳಿದೆ. ಯಜಮಾನರ ಹೆಂಡತಿ ಶಂಕ್ರಮ್ಮನವರು ಹೊಸ್ತಿಲಾಚೆ ನಿಂತು ನೋಡುತ್ತಿದ್ದರು. “ಯಪ್ಪಾ, ಅದು ನಿನಗ ಯಾರ ಚಾಡಿ ಹೇಳಾಕತ್ತೈತಿ?” ಎಂದರು. ಆಮೇಲೆ ಅಲ್ಲಿಂದಲೇ ಕೈಚಾಚಿ ನಡು ಅಂಕಣ ತೋರಿಸಿದರು. ಸೊಸೆ ದ್ರಾಕ್ಷಾಯಣಮ್ಮ ತವರಿನಲ್ಲಿ ಹೆತ್ತಿದ್ದಾಳೆ. ಗೃಹಪ್ರವೇಶ ವೈಶಾಖ ಶುದ್ಧ ದಶಮಿಗೆ, ಅವತ್ತೇ ಕೂಸು ಬರುತ್ತದೆ, ನಡು ಅಂಕಣದ ತೊಲೆಗೇ ತೊಟ್ಟಿಲು.

ಇನ್ನು ಉಳಿದದ್ದು ಮೇಲಿನ ಮಣ್ಣಿನ ಮಾಳಿಗೆ. ಅದರಲ್ಲಿ ನನಗೆ ಅನುಮಾನವೇ ಇಲ್ಲ, ಏಕೆಂದರೆ ಮಣ್ಣು ತಂದವನು ನಾನು. ಕಾರ್ತಿಕದಲ್ಲಿ ನೀನು ಏಣಿಯಿಂದ ಬಿದ್ದು ಮಲಗಿದಾಗ ಆ ಕೆಲಸ ನನ್ನ ಪಾಲಿಗೆ ಬಂತು. ನೀರು ಇಳಿಯದಂತೆ ಮಾಳಿಗೆಗೆ ಹೊದಿಸುವ ಉಪ್ಪಿನ ಚೌಳುಮಣ್ಣನ್ನು ಈ ಊರಿನಲ್ಲಿ ಹೆಂಗಸರು ಹೇಗೆ ತರುತ್ತಾರೆಂದು ನೀನೂ ನೋಡಿದ್ದೀಯೆ. ದಿನವಿಡೀ ನಡು ಬಗ್ಗಿಸಿ, ತಗಡಿನ ಚೂರಿನಲ್ಲಿ ಬಯಲಿನ ಮೇಲ್ಮೈಯನ್ನು ಕೆರೆದು ಕೆರೆದು ಬುಟ್ಟಿ ತುಂಬುತ್ತಾರೆ. ಬೆನ್ನು ಬಾಗಿಸಿ ದುಡಿಸುವುದು ಗುಲಾಮಗಿರಿಯ ಮೊದಲ ಪಾಠ ಎಂದು ನಾನು ಓದಿದ್ದೆ. ಆ ಗುಂಪಿನ ಹಿರಿಯಳು ಕದಿರಮ್ಮನಿಗೆ ಅದನ್ನೇ ಓದಿ ಹೇಳಿದೆ. ಅದೇ ಚೌಳು ಬಯಲಿನಲ್ಲಿ ಒಂದು ಕಡೆ ಗುಂಡಿ ತೋಡಿಸಿ, ಹಾರೆ ಗುದ್ದಲಿಯಲ್ಲಿ ಆರೇ ದಿನಕ್ಕೆ ನಲವತ್ತು ಗಾಡಿ ಹೊಡೆಸಿದೆ. ಯಾವ ಹೆಂಗಸೂ ಬಗ್ಗಲಿಲ್ಲ. ಈ ಮನೆಯಲ್ಲಿ ನನಗೆ ಹೆಮ್ಮೆಯಿರುವ ಕೆಲಸ ಅದೊಂದೇ.

ಗುಮ್ಮಘಟ್ಟದಲ್ಲಿ ಛತ್ರ ಕಟ್ಟಿಸಲಿರುವ ದೊಡ್ಡಬಸಪ್ಪನವರು ತಿಪ್ಪೇರುದ್ರಪ್ಪನವರ ಬೀಗರು. ಈ ಮನೆ ಒಪ್ಪಿಗೆಯಾದರೆ ಛತ್ರದ ಕೆಲಸ ನಿನ್ನದೇ ಎಂದು ಮತ್ತೆ ಹೇಳಿಕಳಿಸಿದ್ದಾರೆ. ಕುಂಟು ಮೇಸ್ತ್ರಿಯನ್ನು ಇನ್ನಾರು ಕರೆಯುತ್ತಾರೆ ಎಂದು ನಾನು ಹೊರಡುವಾಗ ನೀನು ಅಂದೆ. ಇಗೋ, ಕರೆದಿದ್ದಾರೆ.

ಯಾರ ಆಳೂ ಅಲ್ಲದ,
ಪಾಪಣ್ಣ


ಮಡಕಶಿರ
೨೨ ಮಾರ್ಚ್ ೧೯೩೭

ಅಣ್ಣ,

ಅಪ್ಪ ಹೇಳಿದ್ದನ್ನ ಹೇಳಿದ ಹಾಗೇ ಬರೀತಿದೀನಿ.

“ನೀನು ಹೆಮ್ಮೆ ಪಡೋದು ಆಮೇಲೆ ಆಗ್ಲಿ. ಮಾಳಿಗೆ ಮ್ಯಾಲೆ ನೀರು ಹುಯ್ದು ನೋಡ್ದೆ ಮನೆ ನೋಡ್ದೆ ಅಂತ ಬರೀಬ್ಯಾಡ. ನಡು ಅಂಕಣದ ಮ್ಯಾಲೆ ನಲವತ್ತು ಕೊಡ ಹುಯ್ಯಿ. ಒಂದೇ ಸಲ ಅಲ್ಲ, ಮಳೆ ಹುಯ್ದಂಗೆ ನಿಧಾನಕ್ಕೆ. ನೀರು ಮಣ್ಣಿನ ಮ್ಯಾಲೆ ಜಾರಿ ತೂಬಿಗೆ ಓಡ್ಬೇಕು, ಕುಂತ್ಕಂಬಾರ್ದು. ಹುಯ್ಯೋಕೆ ಮುಂಚೆ ಒಂದು ಚಿಟಿಕೆ ಮಣ್ಣು ನಾಲಿಗೆ ಮ್ಯಾಲಿಟ್ಟು ನೋಡು. ಉಪ್ಪುಪ್ಪಗೆ, ನಾಲಿಗೆ ಕೊರೆಯಂಗಿರ್ಬೇಕು. ಇಲ್ದಿದ್ರೆ ನನಗೆ ತಿಳಿಸು. ನನಗೆ ಮಾತ್ರ.”

ಇಷ್ಟೇ ಹೇಳಿದ್ದು. ನಿನ್ನ ಕಾಗದದಲ್ಲಿ ಗುಂಡಿ ತೋಡಿಸಿದೆ ಅಂತ ಇತ್ತಲ್ಲ, ಆ ಸಾಲು ಬಂದಾಗ ಇನ್ನೊಂದು ಸಲ ಓದು ಅಂದ. ಓದಿದೆ. ಆಮೇಲೆ ಅವ್ವ ಗಂಜಿ ಕೊಟ್ಟರೆ ಆರೋವರೆಗೂ ಮುಟ್ಟಲಿಲ್ಲ. ಕಾಲಿನ ನೋವು ಅಂತ ಅವ್ವ ತಿಳ್ಕೊಂಡಳು.

ನಿನ್ನ ತಂಗಿ,
ಕಾಟಮ್ಮ (ನಾನು ನಕ್ಕಿದ್ದೆ)


ರಾಯದುರ್ಗ
೩೦ ಮಾರ್ಚ್ ೧೯೩೭

ಅಪ್ಪನಿಗೆ,

ಶಂಕ್ರಮ್ಮನವರು ಸಂತೆಗೆ ಹೋಗುವ ದಿನ ನೋಡಿಕೊಂಡು, ನೆತ್ತಿಯ ಮೇಲೆ ಬಿಸಿಲಿರುವಾಗ ನೀರು ಹೊತ್ತೆ. ಹದಿನೆಂಟನೆಯ ಕೊಡಕ್ಕೆ ನಿಲ್ಲಿಸಿದೆ. ನೀರು ತೂಬಿನ ಕಡೆ ಓಡಲಿಲ್ಲ. ಬಾಯಾರಿದ ಎತ್ತು ಕುಡಿದ ಹಾಗೆ ಮಾಳಿಗೆ ಅದನ್ನು ಕುಡಿಯಿತು. ಇಳಿದು ಒಳಗೆ ಬಂದರೆ ನಡು ಅಂಕಣದಲ್ಲಿ ಏಳು ಕಡೆ ತೊಟ್ಟಿಕ್ಕುತ್ತಿದೆ. ಕೆಂಪು ನೀರು ಹೊಸ ಸುಣ್ಣದ ಗೋಡೆಯ ಮೇಲೆ ಒಂದು ಮೊಳ ಇಳಿದಿತ್ತು. ಮೇಲೆ ಅಷ್ಟು ಒದ್ದೆ ಮಣ್ಣಿನ ಭಾರ ಕೂತಿದ್ದರಿಂದ ನಡುತೊಲೆ ಒಮ್ಮೆ ಕಿರ್ ಎಂದಿತು. ಅದರ ಕೆಳಗೆ ನಾನೇ ನಿಂತಿದ್ದೆ. ನಿಂತೇ ಇದ್ದೆ, ಏಕೆಂದರೆ ಜ್ಯೇಷ್ಠದ ಮಳೆಯಲ್ಲಿ ಅಲ್ಲಿ ಇರುವುದು ತೊಟ್ಟಿಲು.

ಗೋಡೆ ಒರೆಸಿ ಮತ್ತೆ ಸುಣ್ಣ ಬಳಿದೆ. ಜೀವನದಲ್ಲಿ ಮೊದಲ ಬಾರಿಗೆ ಒಂದು ಸುಳ್ಳಿಗೆ ಸುಣ್ಣ ಬಳಿದಿದ್ದೇನೆ, ನಿನ್ನ ಮಾತಿಗಾಗಿ.

ಮಣ್ಣು ನಾಲಿಗೆಯ ಮೇಲೆ ಇಟ್ಟು ನೋಡಿದೆ. ಉಪ್ಪಿಲ್ಲ. ಹೊಲದ ಮಣ್ಣಿನಂತೆ ಸಪ್ಪೆ.

ಈಗ ಉತ್ತರ ಕೊಡು. ನಾನು ಹೊಡೆಸಿದ್ದು ಚೌಳು ಬಯಲಿನ ಮಣ್ಣು. ನಲವತ್ತೂ ಗಾಡಿಯ ಹಿಂದೆ ನಡೆದಿದ್ದೇನೆ. ಅದನ್ನು ಹಿತ್ತಲಿನಲ್ಲಿ ಗುಡ್ಡೆ ಹಾಕಿಸಿ ನಾನು ಬಳ್ಳಾರಿಯ ಸಭೆಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದೆ. ಅಷ್ಟರಲ್ಲಿ ನೀನು ಮಂಚದ ಮೇಲೆ ಕೂತೇ ಆಳುಗಳಿಂದ ಮಾಳಿಗೆ ಹಾಕಿಸಿ ಮುಗಿಸಿದ್ದೆ. ನಾನು ತಂದ ಚೌಳು ಎಲ್ಲಿ ಹೋಯಿತು? ಈ ಸಪ್ಪೆ ಮಣ್ಣು ಎಲ್ಲಿಂದ ಬಂತು? ಇದು ಆಳುಗಳ ಕೆಲಸವೋ, ನಿನಗೆ ತಿಳಿದೇ ಆದದ್ದೋ?

ಎಂಟು ದಿನ ಕಾಯುತ್ತೇನೆ. ಅದಕ್ಕಿಂತ ಹೆಚ್ಚು ಬಾಯಿ ಕಟ್ಟಿಕೊಳ್ಳುವುದು ನನ್ನಿಂದಾಗದು.

ನಿಜಕ್ಕೆ ಬದ್ಧನಾದ,
ಪಾಪಣ್ಣ


ಮಡಕಶಿರ
೭ ಏಪ್ರಿಲ್ ೧೯೩೭

ಅಣ್ಣ,

ಅಪ್ಪನ ಮಾತು:

“ಮನೆಗೆ ಬೀಗ ಹಾಕಿ ಊರಿಗೆ ಬಾ. ಯಾರಿಗೂ ಏನೂ ಹೇಳಬ್ಯಾಡ. ಯಜಮಾನ್ರು ಕೇಳಿದ್ರೆ, ಕೊನೆ ಸಲ ನೋಡಕ್ಕೆ ಮೇಸ್ತ್ರೀನೇ ಬರ್ತಾನೆ ಅನ್ನು. ಯುಗಾದಿ ಕಳೀಲಿ, ಹೆಂಗೋ ಗಾಡಿ ಕಟ್ಟಿಸ್ಕಂಡು ಬಂದು ನಾನೇ ಮಾತಾಡಿ ಸರಿ ಮಾಡಿಸ್ತೀನಿ. ಮಣ್ಣು ಎಲ್ಲಿಂದ ಬಂತು ಅಂತ ಹುಡುಕ್ತಾ ಹೋಗ್ಬ್ಯಾಡ. ತಂದೋರು ಯಾರು ಅಂತ ಯಾರೂ ಕೇಳಲ್ಲ. ಮಾಳಿಗೆ ಸೋರಿದ್ರೆ ಮೇಸ್ತ್ರಿ ಹೆಸರೇ ಹೇಳೋದು.”

ಇದಾದ ಮೇಲೆ ನಾನು ಏನೋ ಬರೆಯಕ್ಕೆ ಹೋದೆ, ಅಪ್ಪ ಲೇಖನಿ ಕಿತ್ಕೊಂಡ. ಈ ಕೊನೆ ಸಾಲು ಅಂಚೆ ಪೆಟ್ಟಿಗೆ ಹತ್ರ ನಿಂತು ಬರೀತಿದೀನಿ. ಅಣ್ಣ, ದುಡುಕಬೇಡ. ಊರಿಗೆ ಬಾ.

ಕಾಟಮ್ಮ


ರಾಯದುರ್ಗ
೧೪ ಏಪ್ರಿಲ್ ೧೯೩೭

ಅಪ್ಪನಿಗೆ,

ಹೇಳಿಬಿಟ್ಟಿದ್ದೇನೆ.

ನಿನ್ನ ಉತ್ತರದಲ್ಲಿ ಒಂದು ಸಾಲು, ಒಂದೇ ಸಾಲು, ‘ನನಗೆ ತಿಳಿಯದೆ ಆಯಿತು’ ಎಂದಿದ್ದರೆ ನಾನು ಬೀಗ ಹಾಕಿ ಬಂದುಬಿಡುತ್ತಿದ್ದೆ. ನೀನು ಹುಡುಕಬೇಡ ಎಂದೆ. ಹುಡುಕಬೇಡ ಎನ್ನುವವನು ಯಾರು? ಅಡಗಿಸಿಟ್ಟವನು. ನಾನು ಇಷ್ಟು ವರ್ಷ ಗುತ್ತಿಗೆದಾರರ ಮೇಲೆ, ವರ್ತಕರ ಮೇಲೆ, ಪುರೋಹಿತರ ಮೇಲೆ ಕೂಗಾಡಿದ್ದೇನೆ. ಇವತ್ತು ನನ್ನ ಮನೆಯ ಬಾಗಿಲಿಗೆ ಬಂದಾಗ ತಲೆ ತಗ್ಗಿಸಿದರೆ ಆ ಕೂಗಿಗೆಲ್ಲ ಏನು ಅರ್ಥ?

ನಿನ್ನೆ ಯುಗಾದಿಯ ಮಾರನೆಯ ದಿನವೆಂದು ತಿಪ್ಪೇರುದ್ರಪ್ಪನವರ ಹಳೆಯ ಮನೆಯ ಪಡಸಾಲೆಯಲ್ಲಿ ಪೇಟೆಯ ಏಳೆಂಟು ಜನ ಸೇರಿದ್ದರು. ಗುಮ್ಮಘಟ್ಟದ ದೊಡ್ಡಬಸಪ್ಪನವರೂ ಇದ್ದರು. ಹೊಸ ಮನೆಗೆ ಯಾವಾಗ ‘ಇನ್ನು ಬರಬಹುದು’ ಅಂತೀ ಎಂದು ಯಜಮಾನರು ನನ್ನನ್ನು ನಗುತ್ತ ಕೇಳಿದರು. ನಾನು ನಿಂತುಕೊಂಡೇ ಹೇಳಿದೆ. ಮಾಳಿಗೆ ಸೋರುತ್ತದೆ, ನಡು ಅಂಕಣದಲ್ಲಿ ಕೂಸನ್ನು ಮಲಗಿಸಬೇಡಿ, ಮೇಲಿರುವುದು ಚೌಳಲ್ಲ, ನಾನು ತಂದಿಟ್ಟ ಚೌಳನ್ನು ತೆಗೆದು ಹೊಲದ ಮಣ್ಣು ತುಂಬಿದ್ದಾರೆ, ಅದು ನಮ್ಮಪ್ಪನಿಗೆ ಗೊತ್ತು, ಮುಚ್ಚಿಡು ಎಂದು ನನಗೆ ಬರೆದಿದ್ದಾನೆ.

ಬೇವುಬೆಲ್ಲದ ತಟ್ಟೆ ಹಿಡಿದಿದ್ದ ಶಂಕ್ರಮ್ಮನವರು ಹಿಂದಕ್ಕೆ ಸರಿದು ಗೋಡೆಗೊರಗಿದರು. ತಿಪ್ಪೇರುದ್ರಪ್ಪನವರು ಬೈದರೆ ನನಗೆ ಹಗುರವಾಗುತ್ತಿತ್ತು. ಅವರು ಮೆಲ್ಲಗೆ ಕೇಳಿದ್ದು ಇಷ್ಟೇ. “ಚಿಕ್ಕತಿಮ್ಮಯ್ಯ ನನ್ನ ಮೂರು ಅಂಗಡಿ ಕಟ್ಯಾನ. ಇಪ್ಪತ್ತು ವರ್ಷದಾಗ ಒಂದ್ ಹನಿ ಬಿದ್ದಿಲ್ಲ. ಅಂಥಾವನ ಮ್ಯಾಲ ಹೇಳಾಕ ಅವನ ಮಗನೇ ಬೇಕಾಯ್ತೇನು, ತಮ್ಮಾ?”

ನಾನು ಹೌದು ಎಂದೆ. ದೊಡ್ಡಬಸಪ್ಪನವರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ನಾನು ಮಾಡಿದ್ದು ಸರಿ. ಒಂದು ಕೂಸಿನ ತಲೆಯ ಮೇಲಿನ ಭಾರ ಇಳಿಸಿದ್ದೇನೆ. ನಿನಗೆ ಕಷ್ಟವಾಗುತ್ತದೆಂದು ಗೊತ್ತು. ನನಗೂ ಊಟ ಸೇರುತ್ತಿಲ್ಲ.

ಪಾಪಣ್ಣ


ಮಡಕಶಿರ
೨೪ ಏಪ್ರಿಲ್ ೧೯೩೭

ಅಣ್ಣ,

ಇದು ನಾನೇ ಬರೀತಿರೋ ಕಾಗದ. ಅಪ್ಪನಿಗೆ ಗೊತ್ತಿಲ್ಲ. ರೇಷ್ಮೆ ಹುಳಕ್ಕೆ ಸೊಪ್ಪು ಹಾಕ್ತೀನಿ ಅಂತ ಹುಳದ ಮನೆ ಒಳಗೆ ಕೂತಿದೀನಿ.

ಗುಮ್ಮಘಟ್ಟದಿಂದ ಆಳು ಬಂದಿದ್ದ. ಛತ್ರಕ್ಕೆ ಬೇರೆಯವರನ್ನ ನೋಡ್ತಾರಂತೆ. ಅಪ್ಪ ಅವನಿಗೆ ಊಟ ಹಾಕಿಸಿ, ಬುತ್ತಿ ಕಟ್ಟಿಸಿ ಕಳಿಸಿದ. ಮಾರನೇ ದಿನ ಇಲ್ಲಿ ಪೇಟೆಯಲ್ಲೂ ಸುದ್ದಿ. ಶಾಲೆ ಹಿಂದಿನ ಗೋಡೆ ಕಟ್ಟಕ್ಕೆ ಅಪ್ಪನ ಹತ್ರ ಮಾತಾಡಿದ್ದೋರು ದಾರಿಯಲ್ಲಿ ಸಿಕ್ಕಿ, ‘ಕಾಲು ವಾಸಿಯಾಗ್ಲಿ ಬಿಡು ಮೇಸ್ತ್ರಿ, ಆಮೇಲೆ ನೋಡಾಣ’ ಅಂದರು. ಅಪ್ಪ ಗಾರೆ ಬಳಿಯೋ ಕರಣೆ ತೊಳೆದು ಒರೆಸಿ ಅಟ್ಟದ ಮೇಲೆ ಇಟ್ಟ. ಅವ್ವ ಅಳ್ತಾ ಇದಾಳೆ. ಊರೋರ ಮಾತಿಗಲ್ಲ, ಕರಣೆ ಅಟ್ಟ ಸೇರಿತು ಅಂತ.

ನಿನ್ನ ಮೊದಲನೇ ಕಾಗದ ಓದಿದಾಗಲೇ ಅಪ್ಪನಿಗೆ ಅನುಮಾನ. ಮಣ್ಣು ಸಪ್ಪೆ ಅಂತ ಬರೆದೆ ನೋಡು, ಅವತ್ತು ಖಾತ್ರಿ ಆಯಿತು. ‘ಗುಂಡಿ ತೋಡಿಸವ್ನೆ’ ಅಂತ ಒಂದೇ ಮಾತು ಅಂದ. ಅವನಿಗೆ ಬರೀಬ್ಯಾಡ, ಹೆಂಗಸರ ಬೆನ್ನಿಗೆ ಒಳ್ಳೇದಾಗ್ಲಿ ಅಂತ ಮಾಡವ್ನೆ, ತಿಳಿದ್ರೆ ಒಡೆದೋಗ್ತಾನೆ, ನನ್ನ ಹೆಸರು ಹ್ಯಾಗೂ ಹಳೇದು, ತಡ್ಕೊಂಡೀತು ಅಂದ. ನಾನು ದೇವರ ಮೇಲೆ ಆಣೆ ಹಾಕಿದ್ದೆ. ಈಗ ಮುರೀತಾ ಇದೀನಿ. ನಿನಗೆ ದೇವರಿಲ್ಲವಲ್ಲ, ಆ ಪಾಪ ನೀನೇ ಇಟ್ಕೋ.

ನನ್ನ ಮಾತು ನಂಬಬೇಡ. ಮಣ್ಣು ಕೆರೆಯೋ ಹೆಂಗಸರನ್ನ ಕೇಳು. ಅವರಿಗೆ ಓದಿ ಹೇಳಬೇಡ. ಕೇಳು.

ಕಾಟಮ್ಮ


ರಾಯದುರ್ಗ
೨ ಮೇ ೧೯೩೭

ಅಪ್ಪನಿಗೆ,

ಈ ಕಾಗದವನ್ನು ನಾಲ್ಕು ಬಾರಿ ಶುರುಮಾಡಿ ಹರಿದಿದ್ದೇನೆ. ಕಾಟಮ್ಮನ ಮೇಲೆ ಕೋಪ ಮಾಡಬೇಡ.

ಕದಿರಮ್ಮನನ್ನು ಹುಡುಕಿಕೊಂಡು ಬಯಲಿಗೆ ಹೋದೆ. ಬೆಳಗಿನ ಎಂಟು ಗಂಟೆಗೇ ನೆಲ ಸುಡುತ್ತಿತ್ತು. ಬಯಲಿನ ತುಂಬ ಬಿಳಿಯ ಉಪ್ಪು ಹೂವಿನ ಹಾಗೆ ಅರಳಿ ನಿಂತಿತ್ತು, ಕಾರ್ತಿಕದಲ್ಲಿ ನಾನು ಬಂದಾಗ ಅದರ ಸುಳಿವೇ ಇರಲಿಲ್ಲ. ಅವಳು ಮತ್ತು ಇನ್ನೂ ಆರು ಜನ ಹೆಂಗಸರು ಕೆರೆಯುತ್ತಿದ್ದರು. ನನ್ನನ್ನು ಕಂಡು ಒಬ್ಬಳು ತೆಲುಗಿನಲ್ಲಿ ಏನೋ ಅಂದಳು, ಉಳಿದವರು ಸೆರಗು ಬಾಯಿಗೆ ಇಟ್ಟುಕೊಂಡರು. ನಾನು ನೆಲದ ಮೇಲೆ ಕೂತು, ಅವತ್ತಿನ ನಮ್ಮ ಮಣ್ಣು ಏಕೆ ಕೆಟ್ಟಿತು ಎಂದು ಕೇಳಿದೆ.

ಕದಿರಮ್ಮ ತಗಡಿನಿಂದ ಒಂದು ಗೆರೆ ಕೆರೆದು ತೋರಿಸಿದಳು. ಒಂದು ಬೆರಳಿನಷ್ಟು ದಪ್ಪ ಬೂದುಬಣ್ಣ, ಅದರ ಕೆಳಗೆಲ್ಲ ಕೆಂಪು.

“ಚೌಳು ಅಂದ್ರ ಇಷ್ಟೇ, ನಾಯನಾ. ಬ್ಯಾಸಗಿಯಾಗ ಮ್ಯಾಲ ಬರ್ತೈತಿ, ಮಳಿ ಬಂದ್ರ ತೊಳದು ಹೋಗ್ತೈತಿ. ನೀನು ಮಳಿ ಮುಗದ ಮ್ಯಾಲ ಬಂದು ಆಳೆತ್ತರ ಗುಂಡಿ ತೋಡಿಸ್ದಿ. ಅದು ಬರೇ ಮಣ್ಣು. ನಾ ಹೇಳಾಕ ಬಾಯಿ ತೆಗದೆ. ನೀನು ನಮಗ ಪುಸ್ತಕ ಓದಿದಿ.”

ಅವಳು ತಗಡು ಒರೆಸಿಕೊಳ್ಳುತ್ತ ಇನ್ನೊಂದು ಮಾತು ಸೇರಿಸಿದಳು. ಕಳೆದ ಬೇಸಿಗೆಯದು ಹತ್ತು ಗಾಡಿ ಒಣ ಚೌಳು ಅವರ ಕೇರಿಯಲ್ಲೇ ಗುಡ್ಡೆ ಇತ್ತಂತೆ. ಕೇಳಿದ್ದರೆ ಕೊಡುತ್ತಿದ್ದರಂತೆ.

ಯಾರೂ ಮಣ್ಣನ್ನು ಬದಲಾಯಿಸಲಿಲ್ಲ. ನಾನು ತಂದದ್ದೇ ಮೇಲಿದೆ. ಕಾಲು ಮುರಿದು ಮಂಚ ಹಿಡಿದಿದ್ದ ನಿನಗೆ ಕಲೆಸಿದ ಮಣ್ಣಿನ ಬುಟ್ಟಿ ದೂರದಿಂದಷ್ಟೇ ಕಂಡಿರಬೇಕು, ಮಗ ತಂದದ್ದೆಂದು ನಂಬಿದ್ದೀಯೆ. ನಾನು ನಿನ್ನನ್ನು ಹತ್ತು ಜನರ ಮುಂದೆ ಕಳ್ಳನೆಂದೆ.

ಅಲ್ಲಿಂದ ನೇರ ತಿಪ್ಪೇರುದ್ರಪ್ಪನವರ ಅಂಗಡಿಗೆ ಹೋದೆ. ಗಿರಾಕಿಗಳಿದ್ದರು. ಇರಲಿ ಎಂದುಕೊಂಡು ಎಲ್ಲವನ್ನೂ ಹೇಳಿದೆ. ಗುಂಡಿ, ಮಳೆ, ನನ್ನ ಪುಸ್ತಕ, ಎಲ್ಲ. ಅವರು ಗಜದಕೋಲು ಕೆಳಗಿಡಲಿಲ್ಲ. ಬಟ್ಟೆ ಅಳೆಯುತ್ತಲೇ ಅಂದರು: “ಹ್ವಾದ ತಿಂಗಳ ನಮ್ಮಪ್ಪ ಮಾಡ್ಯಾನ ಅಂದಿ. ಈ ತಿಂಗಳ ನಾನು ಮಾಡೀನಿ ಅಂತೀ. ಮುಂದಿನ ತಿಂಗಳ ಯಾರ್ದು? ಅಪ್ಪಗ ಕೆಲಸ ಹೋತು ಅಂತ ಹೊಟ್ಟಿ ಉರದು ಹಿಂಗ ಹೇಳಾಕ ಬಂದೀ. ಹೋಗು, ಮನಿಗೆ ಹೋಗು.”

ನಾನು ಮತ್ತೆ ಹೇಳಿದೆ. ಅವರು ಗಿರಾಕಿಯನ್ನು, ಇನ್ನೇನು ಬೇಕ್ರಿ ಎಂದು ಕೇಳಿದರು.

ನಿಜ ಹೇಳಿದರೆ ಸಾಕು ಎಂದು ನಾನು ಓದಿದ್ದೆ. ಹೇಳಿದವನು ಯಾರು ಎಂದು ಕೇಳುವವರು ನೋಡುತ್ತಾರೆಂದು ಓದಿರಲಿಲ್ಲ.

ನಡು ಅಂಕಣದಿಂದ ಹಿಡಿದು ಮಾಳಿಗೆಯ ಮಣ್ಣನ್ನೆಲ್ಲ ಕೀಳಲು ಶುರುಮಾಡಿದ್ದೇನೆ. ಯಜಮಾನರು ತಡೆಯಲಿಲ್ಲ, ಒಪ್ಪಲೂ ಇಲ್ಲ. ದಶಮಿಗೆ ಹದಿನೆಂಟು ದಿನ ಇದೆ. ಕದಿರಮ್ಮನ ಗುಂಪು ಚೌಳು ತರುತ್ತಿದೆ. ಮಾಳಿಗೆ ಕೆಟ್ಟರೆ ಮಣ್ಣು ತಂದವರ ಹೆಸರೂ ಕೆಡುತ್ತದಂತೆ, ಅದಕ್ಕೆ ಬಂದಿದ್ದಾರೆ, ನನಗಾಗಿ ಅಲ್ಲ. ನಾನೂ ಅವರ ಜೊತೆ ಕೆರೆಯುತ್ತೇನೆ. ಮೊದಲ ದಿನ ನನ್ನ ಬುಟ್ಟಿಯನ್ನು ಕದಿರಮ್ಮ ಬಯಲಿಗೇ ಸುರಿದಳು, ಅರ್ಧ ಕೆಂಪುಮಣ್ಣು ಸೇರಿತ್ತೆಂದು. ಬೆನ್ನು ಸೆಟೆದುಕೊಂಡಿದೆ. ಅದು ಗುಲಾಮಗಿರಿಯೇ. ಆ ಮಾತನ್ನು ನಾನು ಈಗಲೂ ಬಿಡುವುದಿಲ್ಲ. ಆದರೆ ಅದಕ್ಕೆ ಮದ್ದು ನನಗೆ ಗೊತ್ತಿದೆ ಎಂದುಕೊಂಡದ್ದನ್ನು ಬಿಟ್ಟಿದ್ದೇನೆ.

ಬಾ ಎಂದು ಕರೆಯುವ ಯೋಗ್ಯತೆ ನನಗಿಲ್ಲ. ತೊಲೆಯ ಮೇಲೆ ಎಷ್ಟು ದಪ್ಪ ಹಾಕಬೇಕು ಎಂಬುದನ್ನಾದರೂ ಬರೆಸು.

ನಿನ್ನ ಮಗ,
ಪಾಪಣ್ಣ


ಮಡಕಶಿರ
೭ ಮೇ ೧೯೩೭

ಅಣ್ಣ,

ಅಪ್ಪನ ಮಾತು:

“ಒಂದು ಗೇಣು ದಪ್ಪ, ಅದಕ್ಕಿಂತ ಹೆಚ್ಚು ಬ್ಯಾಡ. ಮೊದ್ಲು ಜಂತೆ ಮ್ಯಾಲಿನ ಕಡ್ಡಿ ತೆಗೆದು ಒಣಗಿಸು, ಮುಗ್ಗಲು ಹಿಡಿದಿರೋದನ್ನ ಒಲೆಗೆ ಹಾಕು. ಗೋಡೆ ಕಡೆಯಿಂದ ತೂಬಿನ ಕಡೆಗೆ ಹಾಕ್ತಾ ಬಾ. ಬಡೀವಾಗ ನೀರು ಕಮ್ಮಿ. ನಡುತೊಲೆ ಕಿರ್ ಅಂದದ್ದು ಯಾವ ತುದೀಲಿ ಅಂತ ನೀನು ಬರೆದಿಲ್ಲ. ನಾನೇ ಬಂದು ನೋಡ್ತೀನಿ.”

ಗಾಡಿ ಇವತ್ತೇ ಹೊರಡುತ್ತೆ. ನಿನ್ನ ಬೈಯಲಿಲ್ಲ. ಈಗ ತಾನೇ ನನ್ನನ್ನ ಅಟ್ಟ ಹತ್ತಿಸಿ ಕರಣೆ ತೆಗೆಸಿಕೊಂಡ.

ಕಾಟಮ್ಮ


ರಾಯದುರ್ಗ
೨೨ ಮೇ ೧೯೩೭

ಕಾಟಮ್ಮ,

ಈ ಕಾಗದ ನಿನಗೆ, ನಿನಗೇ. ಪೂರ್ತಿ ಓದಿದ ಮೇಲೆ ನೀನು ಒಂದು ಕೆಲಸ ಮಾಡಬೇಕು.

ಅಪ್ಪ ಬಂದವನು ನನ್ನ ಮುಖ ನೋಡದೆ ಏಣಿ ಕೇಳಿದ. ಬೇಡವೆಂದರೂ ಕುಂಟುಗಾಲಿನಲ್ಲಿ ಹತ್ತಿ ಮಾಳಿಗೆಯ ಮೇಲೆ ಕೂತ. ಏಳು ದಿನ ಅಲ್ಲೇ ಕೂತು ಹೇಳಿದ, ನಾನು ಬಡಿದೆ. ನಡುತೊಲೆ ಗಟ್ಟಿಯಾಗಿತ್ತು. ಅದರ ತುದಿಯ ಕೆಳಗಿನ ಕಲ್ಲು ಸರಿದಿತ್ತು, ಅದನ್ನು ಅವನೇ ಕೂರಿಸಿದ. ನಮ್ಮ ನಡುವೆ ಮಣ್ಣಿನ ಮಾತು ಬಿಟ್ಟು ಬೇರೆ ಮಾತು ಬರಲಿಲ್ಲ. ನಾನು ಒಮ್ಮೆ ತಪ್ಪಾಯಿತು ಎನ್ನಲು ಹೊರಟೆ. ‘ಆ ಮೂಲೆ ಇನ್ನೊಂದು ಸಲ ಬಡಿ’ ಎಂದ.

ಗೃಹಪ್ರವೇಶದ ಹಿಂದಿನ ದಿನ, ನಾಲ್ಕು ಗಂಟೆಯ ಬಿಸಿಲಿನಲ್ಲಿ, ನೀರು ಹುಯ್ಯಲು ಯಜಮಾನರು ಪೇಟೆಯವರನ್ನೆಲ್ಲ ಕರೆಸಿದರು. ದೊಡ್ಡಬಸಪ್ಪನವರೂ ಬಂದರು. ನೂರು ಕೊಡ. ಕದಿರಮ್ಮನ ಹೆಂಗಸರು ಹೊತ್ತು ತಂದರು, ನಾನು ಮೇಲೆ ನಿಂತು ಹುಯ್ದೆ. ಅಪ್ಪ ಕೆಳಗೆ ನಡು ಅಂಕಣದಲ್ಲಿ, ತೊಲೆಯ ನೇರಕ್ಕೆ, ಚಾಪೆಯ ಮೇಲೆ ಕಾಲು ಚಾಚಿ ಕೂತ. ದ್ರಾಕ್ಷಾಯಣಮ್ಮ ಹಿಂದಿನ ದಿನವೇ ಬಂದಿದ್ದಳು. ಕೂಸನ್ನು ಎದೆಗೆ ಒತ್ತಿಕೊಂಡು ಹೊಸ್ತಿಲಾಚೆಯೇ ನಿಂತು, ಒಂದೇ ಸಮನೆ ಅಪ್ಪನ ತಲೆಯ ಮೇಲೆ ನೋಡುತ್ತಿದ್ದಳಂತೆ. ಬೆಳಕಿಂಡಿಯಿಂದ ನನಗೆ ಅಪ್ಪನ ತಲೆ ಮಾತ್ರ ಕಾಣುತ್ತಿತ್ತು. ಅರವತ್ತನೆಯ ಕೊಡದ ಹೊತ್ತಿಗೆ ಒಂದೊಂದು ಕೊಡಕ್ಕೂ ಬಗ್ಗಿ ಅವನನ್ನು ನೋಡತೊಡಗಿದೆ. ನೀರು ಮಾಳಿಗೆಯ ಮೇಲೆ ಎಣ್ಣೆಯಂತೆ ಜಾರಿ ತೂಬಿಗೆ ಓಡುತ್ತಿತ್ತು. ಆದರೂ ಬಗ್ಗಿ ನೋಡಿದೆ. ನೂರು ಮುಗಿಯಿತು. ಒಂದು ಹನಿ ಬೀಳಲಿಲ್ಲ.

ಆಮೇಲೆ ಆದದ್ದನ್ನು ಗಮನವಿಟ್ಟು ಓದು. ತಿಪ್ಪೇರುದ್ರಪ್ಪನವರು ಎಲ್ಲರ ಮುಂದೆ ಅಪ್ಪನನ್ನು ಕೇಳಿದರು. “ಚಿಕ್ಕತಿಮ್ಮಯ್ಯ, ಈಗ ನೀನೇ ಹೇಳಿಬಿಡು. ಮದ್ಲು ಕೆಡಿಸಿದ್ದು ಯಾರು?”

ನಾನು ಏಣಿ ಇಳಿಯುತ್ತಿದ್ದೆ. ನಾನು, ನಾನು ಎಂದು ಅಲ್ಲಿಂದಲೇ ಹೇಳಿದೆ. ಅಪ್ಪ ನನ್ನ ಕಡೆ ತಿರುಗಲಿಲ್ಲ.

“ಕೆಡಿಸಿದ್ದು ನಾನು ಸ್ವಾಮಿ. ಸರಿ ಮಾಡಿದ್ದು ಇವನು.”

ನಾನು ಜನರ ನಡುವೆ ನುಗ್ಗಿ ಗುಂಡಿಯ ಕಥೆಯನ್ನೆಲ್ಲ ಮೊದಲಿಂದ ಹೇಳಿದೆ. ಕದಿರಮ್ಮನೂ ಹೌದೆಂದಳು. ಯಾರೂ ಅವಳ ಕಡೆ ತಿರುಗಿಯೂ ನೋಡಲಿಲ್ಲ. ದೊಡ್ಡಬಸಪ್ಪನವರು ನನ್ನ ಬೆನ್ನು ತಟ್ಟಿ, ಅಪ್ಪನ ತಪ್ಪನ್ನು ತಲೆಯ ಮೇಲೆ ಹೊರುವ ಇಂಥ ಮಗ ಎಷ್ಟು ಜನಕ್ಕೆ ಇದ್ದಾನ್ರಿ ಎಂದು ಸುತ್ತಲವರನ್ನು ಕೇಳಿದರು. ಛತ್ರದ ಕೆಲಸ ನೀನು ಮಾಡು ಎಂದರು. ಅಪ್ಪನಿಗಲ್ಲ, ಕಾಟಮ್ಮ, ನನಗೆ. ಮುದುಕ ಇನ್ನು ಮನೆಯಲ್ಲಿ ಕೂತು ಉಣ್ಣಲಿ ಎಂದರು. ಅಪ್ಪ ತಲೆಯಾಡಿಸಿ ನಕ್ಕ. ಅವನು ಬಂದದ್ದೇ ಇದಕ್ಕೆ ಎಂದು ಆಗ ಹೊಳೆಯಿತು. ಮಗನಿಗೆ ಹೆಸರು ಮಾಡಿಕೊಡಲು ತನ್ನ ಹೆಸರನ್ನು ಮಣ್ಣಿಗೆ ಕಲೆಸಿ ಬಡಿದಿದ್ದಾನೆ, ಅದನ್ನೂ ನನ್ನ ಕೈಯಿಂದಲೇ.

ಅಪ್ಪನನ್ನು ಮೇಸ್ತ್ರಿ ಮಾಡಿ ನನ್ನನ್ನು ಕೈಯಾಳು ಮಾಡಿದರೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ದೊಡ್ಡಬಸಪ್ಪನವರಿಗೆ ಹೇಳಿದ್ದೇನೆ. ಅವರು ಯೋಚಿಸಿ ಹೇಳುತ್ತೇನೆ ಎಂದು ಮುಖ ಗಂಟಿಕ್ಕಿಕೊಂಡು ಹೋದರು. ಬಹುಶಃ ಒಪ್ಪುವುದಿಲ್ಲ.

ಇಲ್ಲಿ ನನ್ನ ಮಾತು ಸತ್ತಿದೆ. ನಾನು ಎಷ್ಟು ಕೂಗಿದರೂ ಇವರ ಕಿವಿಗೆ ಅದು ಪಿತೃಭಕ್ತಿಯಾಗಿ ಕೇಳುತ್ತದೆ. ಆದರೆ ಮಡಕಶಿರದಲ್ಲಿ ನಾನು ಎಂಥವನೆಂದು ಎಲ್ಲರಿಗೂ ಗೊತ್ತು. ಗೌಡರ ಮುಖಕ್ಕೇ ಮಾತಾಡಿದವನು, ಯಾರಿಗೂ ಬಾಗದವನು. ಅಪ್ಪನಿಗಾಗಿ ನಾನು ಸುಳ್ಳು ಹೇಳಿಯೇನೆಂದು ಅಲ್ಲಿ ಒಬ್ಬರೂ ನಂಬುವುದಿಲ್ಲ. ಅಪ್ಪನ ಗಾಡಿ ಇವತ್ತು ಹೊರಟಿತು. ಪಾವಗಡದ ಮೇಲೆ ಬರಲು ನಾಲ್ಕು ದಿನ ಹಿಡಿಯುತ್ತದೆ. ಈ ಕಾಗದ ಅದಕ್ಕೆ ಒಂದು ದಿನ ಮುಂಚೆ ನಿನ್ನ ಕೈ ಸೇರುತ್ತದೆ.

ಸಂತೆಮಾಳದ ಕಟ್ಟೆಯ ಹತ್ತಿರ ಹೋಗು. ಶಾಲೆಯ ಗೋಡೆಗೆ ಅಪ್ಪನನ್ನು ಕೇಳಿ ಬಿಟ್ಟವರು ಸಂಜೆ ಅಲ್ಲೇ ಕೂರುತ್ತಾರೆ. ಈ ಕೆಳಗಿನದನ್ನು ಅವರಿಗೆ ಓದು. ಹೆಣ್ಣುಹುಡುಗಿ ಕಟ್ಟೆಯ ಮುಂದೆ ನಿಂತು ಓದುವುದೇ ಎಂದು ಅವ್ವ ಹೆದರುತ್ತಾಳೆ. ಯಾರು ನಕ್ಕರೂ ನಿಲ್ಲಿಸಬೇಡ.

‘ರಾಯದುರ್ಗದ ಮಾಳಿಗೆಗೆ ಮಳೆ ಕಳೆದ ಮೇಲೆ ಗುಂಡಿ ತೋಡಿ ಸಪ್ಪೆ ಮಣ್ಣು ತಂದವನು ನಾನು. ಹೇಳಬಂದ ಹೆಂಗಸರ ಮಾತು ಕೇಳದವನು ನಾನು. ನಮ್ಮಪ್ಪ ಚಿಕ್ಕತಿಮ್ಮಯ್ಯ ಕಾಲು ಮುರಿದು ಮಲಗಿದ್ದ. ಅವನನ್ನು ಕಳ್ಳನೆಂದವನು ನಾನು. ಮೊನ್ನೆ ನೂರು ಕೊಡ ನೀರಿನ ಕೆಳಗೆ ಕೂತು ಆ ತಪ್ಪನ್ನು ತನ್ನದೆಂದವನು ಅವನು. ಇದು ನನ್ನ ಕೈಬರಹ. — ಚಿಕ್ಕತಿಮ್ಮಯ್ಯನ ಮಗ ಪಾಪಣ್ಣ.’

ನಿನ್ನ ಅಣ್ಣ


ಮಡಕಶಿರ
೨೮ ಮೇ ೧೯೩೭

ಅಣ್ಣ,

ಓದಿದೆ. ಮೊದಲು ಇಬ್ಬರು ಮೂವರು ನಕ್ಕರು. ‘ಅವನನ್ನು ಕಳ್ಳನೆಂದವನು ನಾನು’ ಅನ್ನೋ ಹೊತ್ತಿಗೆ ನಗೋರು ಯಾರೂ ಇರಲಿಲ್ಲ. ಒಬ್ಬರು ಎದ್ದು ಬಂದು ನನ್ನ ಕೈಯಿಂದ ಕಾಗದ ತಗೊಂಡು ನೋಡಿ, ಹೌದು, ಇದು ಆ ತಲೆಹರಟೆಯದೇ ಅಕ್ಷರ ಅಂದರು. ಶಾಲೆ ಗೋಡೆ ವಿಷಯ ಯಾರೂ ಎತ್ತಲಿಲ್ಲ. ನಾನೂ ಕೇಳಲಿಲ್ಲ.

ಅಪ್ಪನ ಗಾಡಿ ಮಾರನೇ ದಿನ ಬಂತು. ಊರ ಬಾಗಿಲಲ್ಲೇ ಯಾರೋ ಹೇಳಿಬಿಟ್ಟಿದ್ದರು. ಬಂದವನು ಕಾಲು ತೊಳೆಯದೆ ಜಗಲಿ ಮೇಲೆ ಕೂತು ಕಾಗದ ಕೇಳಿದ. ಕೊಟ್ಟೆ. ಅಕ್ಷರ ಬರದವನು ಅದನ್ನ ಹಿಂದೆ ಮುಂದೆ ಮಾಡಿ ತುಂಬ ಹೊತ್ತು ನೋಡಿದ. ಯಾರು ಓದು ಅಂದೋರು ಅಂತ ಗದರಿದ. ಆಮೇಲೆ ನಾಲ್ಕಾಗಿ ಮಡಿಸಿ ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡ.

ಇವತ್ತು ಗುಮ್ಮಘಟ್ಟದಿಂದ ಆಳು ಬಂದ. ಮೇಸ್ತ್ರಿ ಅಪ್ಪನೇ ಆಗಲಿ, ನೀನೂ ಜೊತೆಗಿರಬೇಕು ಅಂತ ಹೇಳಿ ಕಳಿಸವ್ರೆ. ಅಪ್ಪ ಆಯ್ತು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ನನ್ನ ಕರೆದು ಬರಿ ಅಂದ. ಬರೆದಿದೀನಿ:

“ಗುಮ್ಮಘಟ್ಟಕ್ಕೆ ಹೋಗಿ, ಅಲ್ಲಿಯ ಚೌಳು ಕೆರೆಯೋ ಹೆಂಗಸರು ಯಾರು, ಅವರ ಹತ್ರ ಈ ಬ್ಯಾಸಗೆದು ಎಷ್ಟು ಗಾಡಿ ಐತೆ ಕೇಳ್ಕಂಡು ಬಾ. ಅವರು ಹೇಳೋವರೆಗೂ ನೀನು ಮಾತಾಡಬ್ಯಾಡ.”

ಕಾಟಮ್ಮ